ಚುಟುಕಮ್ಮನ ತಡದ ಲೆಕ್ಕ

ಚುಟುಕಮ್ಮ ಎಂದು ಹೆಸರಿಟ್ಟವರು ಅವರ ಗಂಡನೇ. ಇಟ್ಟಾಗ ಅದರಲ್ಲಿ ಪ್ರೀತಿಯಿತ್ತು. ಆಮೇಲೆ ಕಾಗದದ ಕಾರ್ಖಾನೆಯವರೆಲ್ಲ ಅದನ್ನೇ ಎತ್ತಿಕೊಂಡರು. ಗೇಟಿನ ಕಾವಲುಗಾರನಿಂದ ಹಿಡಿದು ಜನರಲ್ ಮ್ಯಾನೇಜರವರೆಗೆ ಎಲ್ಲರ ಬಾಯಲ್ಲೂ ಚುಟುಕಮ್ಮ. ನಾನು ಅವರನ್ನು ಕಂಡದ್ದು ಬಹಳ ಆಮೇಲೆ, ಅವರು ನಮ್ಮ ನೀರು ಸರಬರಾಜು ಕಚೇರಿಗೆ ಬಂದು ನನ್ನ ಪಕ್ಕದ ಮೇಜಿನಲ್ಲಿ ಕೂತ ಮೇಲೆ. ಈ ಸಂಗತಿಯನ್ನು ಅವರು ಒಂದೇ ಉಸಿರಿಗೆ ಹೇಳಿದವರಲ್ಲ. ಪಂಪಿನ ಮನೆಗೆ ನಡೆಯುವ ದಾರಿಯಲ್ಲಿ ಒಂದಿಷ್ಟು, ಚಹಾ ಆರಿಹೋಗುವವರೆಗೆ ಲೋಟ ಹಿಡಿದು ಕೂತಾಗ ಒಂದಿಷ್ಟು, ಹೀಗೆ ತುಂಡು ತುಂಡಾಗಿ ಬಂದದ್ದನ್ನು ನಾನು ಜೋಡಿಸಿದ್ದೇನೆ.

ಹೆಸರಿಗೆ ತಕ್ಕ ಹೆಂಗಸು. ಎರಡು ಮಾತಿನಲ್ಲಿ ಮುಗಿಯುವುದಕ್ಕೆ ಮೂರನೆಯದನ್ನು ಖರ್ಚು ಮಾಡುವವರಲ್ಲ. ಮದುವೆಗೆ ಮೊದಲು ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದರಂತೆ. ವಿದ್ಯಾರ್ಥಿಗಳು ಹಲಗೆಯ ತುಂಬ ಬರೆದು ಬಿಡಿಸಿದ್ದನ್ನು ಮೂಲೆಯಲ್ಲಿ ನಾಲ್ಕು ಸಾಲಿಗೆ ಇಳಿಸಿ, "ಉಳಿದಿದ್ದೆಲ್ಲ ಹೊಟ್ಟು" ಎನ್ನುತ್ತಿದ್ದರಂತೆ. ಗಂಡ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗದ ಮುಖ್ಯಸ್ಥ. ಎತ್ತರದ ಆಳು, ನಗುಮುಖ, ಬರೀ ಮಾತಿನಲ್ಲೇ ಮನೆ ಕಟ್ಟಬಲ್ಲವರು. "ಇವರು ಮಾತಾಡ್ಲಿ, ನಾನು ಕೇಳಿಸ್ಕೊಂಡಿರ್ತೀನಿ ಅಂತ್ಲೇ ಮದುವೆಯಾದೆ" ಎಂದು ಚುಟುಕಮ್ಮ ಒಮ್ಮೆ ಹೇಳಿದರು. ಹೇಳುವಾಗ ನಗಲಿಲ್ಲ.

ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವರೆಂದರೆ ಅತ್ತೆ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಹೆಡ್‌ಫೋನ್ ಕಟ್ಟಿಕೊಂಡು ಕಿವಿ ಮಂದವಾಗಿತ್ತು. ಬಲಗಿವಿಗೊಂದು ಶ್ರವಣಯಂತ್ರ. "ಊರಿನೋರ ಗುಟ್ಟೆಲ್ಲ ಈ ಕಿವೀಲೇ ಹಾದುಹೋಗಿದೆ. ಸವೆಯದೆ ಇನ್ನೇನಾಗುತ್ತೆ?" ಎನ್ನುತ್ತಿದ್ದರು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರೆ, ಇವರಿಬ್ಬರದು ಹಾಗಿರಲಿಲ್ಲ. ಬೆಳಿಗ್ಗೆ ಪತ್ರಿಕೆಯ ಪದಬಂಧವನ್ನು ಇಬ್ಬರೂ ಒಟ್ಟಿಗೆ ತುಂಬುತ್ತಿದ್ದರು. ಸಂಜೆ ಒಂದೇ ಕೊಡೆಯಡಿ ವಾಕಿಂಗ್. ಗಂಡ ಮನೆಗೆ ಬಂದರೆ, "ನಿಮ್ಮಿಬ್ಬರ ನಡುವೆ ನಾನೇ ಬಾಡಿಗೆಗಿದ್ದೀನಿ ಅನ್ಸುತ್ತೆ" ಎಂದು ತಮಾಷೆ ಮಾಡುತ್ತಿದ್ದರು.

ಚುಟುಕಮ್ಮ ಕಾರ್ಖಾನೆ ಸೇರಿದ್ದು ಹೀಗೆ. ಕಾಗದದ ಯಂತ್ರವನ್ನು ನೋಡದವರಿಗೆ ಇಲ್ಲೊಂದು ಮಾತು ಹೇಳಬೇಕು. ಅದು ಒಂದು ಬೀದಿಯಷ್ಟು ಉದ್ದ. ಒಂದು ತುದಿಯಲ್ಲಿ ನೀರಾದ ತಿರುಳು ಓಡುವ ಜಾಲರಿಯ ಮೇಲೆ ಬೀಳುತ್ತದೆ. ನೀರು ಬಸಿದು, ಉರುಳೆಗಳ ನಡುವೆ ಹಿಂಡಿಸಿಕೊಂಡು, ಹಬೆಯಿಂದ ಕಾದ ಪೀಪಾಯಿಗಳನ್ನು ಹತ್ತಿಳಿದು ಒಣಗಿ, ಇನ್ನೊಂದು ತುದಿಯಲ್ಲಿ ಕಾಗದವಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹಾಳೆ ದಪ್ಪವಾಯಿತೋ ತೆಳುವಾಯಿತೋ ಎಂದು ಅಳೆಯುವ ಕಣ್ಣು ಇರುವುದು ಈ ತುದಿಯಲ್ಲಿ. ಅದನ್ನು ಸರಿಪಡಿಸುವ ಕವಾಟ ಇರುವುದು ಆ ತುದಿಯಲ್ಲಿ. ಕಣ್ಣಿಗೆ ತಪ್ಪು ಕಾಣುವಷ್ಟರಲ್ಲಿ ನಡುವೆ ಇರುವ ಕಾಗದವೆಲ್ಲ ತಪ್ಪಾಗಿಯೇ ಹೊರಟುಬಿಟ್ಟಿರುತ್ತದೆ. ದಪ್ಪವಾಯಿತೆಂದು ಈಗ ಕವಾಟ ತಿರುಗಿಸಿದರೆ ಫಲ ಕಾಣುವುದು ಆಮೇಲೆ. ತಾಳ್ಮೆಗೆಟ್ಟು ಇನ್ನಷ್ಟು ತಿರುಗಿಸಿದಿರೋ, ಮೊದಲ ತಿರುವಿನ ಫಲದ ಮೇಲೆ ಎರಡನೆಯದೂ ಬಂದು ಬಿದ್ದು ಕಾಗದ ತೀರ ತೆಳ್ಳಗಾಗುತ್ತದೆ. ಗಾಬರಿಬಿದ್ದು ಹಿಂದಕ್ಕೆ ತಿರುಗಿಸಿದರೆ ತೀರ ದಪ್ಪ. ಹೀಗೆ ಉಯ್ಯಾಲೆಯಾಡುತ್ತ, ತೆಳ್ಳಗಾದ ಕಡೆ ಹಾಳೆ ಹರಿದುಹೋಗುತ್ತದೆ.

ಈ ಕೆಲಸವನ್ನು ಮನುಷ್ಯರ ಬದಲು ಕಂಪ್ಯೂಟರಿಗೆ ಒಪ್ಪಿಸಬೇಕೆಂದು ಕಾರ್ಖಾನೆ ತೀರ್ಮಾನಿಸಿತು. ಅದಕ್ಕೊಂದು ಮಾದರಿ ಬೇಕು, ಅಂದರೆ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದದ್ದು. ಯಂತ್ರ ಮಾರಿದ ಕಂಪನಿ ಅದನ್ನೂ ಕೊಟ್ಟಿತ್ತು. ಆದರೆ ಅದು ಆನೆಗಾತ್ರದ್ದು. ಒಂದೊಂದು ತೊಟ್ಟಿಗೆ, ಕೊಳವೆಗೆ, ಪೀಪಾಯಿಗೆ ಬೇರೆ ಬೇರೆ ಸಮೀಕರಣ. ಕಂಪ್ಯೂಟರ್ ಅದನ್ನು ಬಿಡಿಸಿ ಮುಗಿಸುವಷ್ಟರಲ್ಲಿ ಕಾಗದ ಸುರುಳಿಯಾಗಿ ಲಾರಿ ಹತ್ತಿರುತ್ತಿತ್ತು. ಹಾಗಾಗಿ ಆನೆಯನ್ನು ಇಳಿಸಿ ಆಡು ಮಾಡಿಕೊಡುವವರು ಬೇಕಾದರು. ಗಂಡ ತಮ್ಮ ಹೆಂಡತಿಯ ಹೆಸರು ಹೇಳಿದರು.

ಅವರಿಗಿಂತ ಮೊದಲು ಕೈಹಾಕಿದ್ದವರು ಸಣ್ಣದೆಂದು ಕಂಡದ್ದನ್ನೆಲ್ಲ ಕತ್ತರಿಸಿ ಎಸೆದಿದ್ದರು. ಚುಟುಕಮ್ಮ ಹಾಗೆ ಮಾಡಲಿಲ್ಲ. ಕವಾಟ ಹೊರಳುವುದಕ್ಕೆ ಹಿಡಿಯುವ ಹೊತ್ತು, ತೊಟ್ಟಿಯಲ್ಲಿ ತಿರುಳು ಬೆರೆಯುವುದಕ್ಕೆ ಹಿಡಿಯುವ ಹೊತ್ತು, ಒಂದೊಂದೂ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಎಸೆದುಬಿಟ್ಟರೆ ಮಾದರಿ ನಿಜವಾದ ಯಂತ್ರಕ್ಕಿಂತ ಚುರುಕಾಗಿಬಿಡುತ್ತದೆ. "ಸಣ್ಣ ನಿಧಾನವೂ ನಿಧಾನವೇ" ಎಂದು ಅವನ್ನೆಲ್ಲ ಕೂಡಿಸಿ ತಡಕ್ಕೆ ಸೇರಿಸಿದರು. ಕೊನೆಗೆ ಉಳಿದದ್ದು ಮೂರೇ ಸಂಖ್ಯೆ: ಕವಾಟ ತಿರುಗಿಸಿದರೆ ಕಾಗದ ಎಷ್ಟು ಬದಲಾಗುತ್ತದೆ, ಎಷ್ಟು ನಿಧಾನವಾಗಿ ಬದಲಾಗುತ್ತದೆ, ಆ ಬದಲಾವಣೆ ಎಷ್ಟು ತಡವಾಗಿ ಶುರುವಾಗುತ್ತದೆ.

ಮೂರನೆಯದೇ ತಲೆನೋವು. ತಡವನ್ನು ಇದ್ದ ಹಾಗೇ ಸಮೀಕರಣಕ್ಕೆ ತಂದರೆ ಅದು ಕೊನೆಯಿಲ್ಲದ ಸರಣಿ. ಅವರಿಗೆ ಕೊಟ್ಟಿದ್ದ ನಿಯಂತ್ರಣದ ಲೆಕ್ಕಕ್ಕೆ ಅದು ಅರಗುತ್ತಿರಲಿಲ್ಲ. ಅದರ ಜಾಗದಲ್ಲಿ ಒಂದು ಭಿನ್ನರಾಶಿ ಇಟ್ಟರು. ನಿಧಾನವಾದ ಏರಿಳಿತಗಳಿಗೆ ಆ ಭಿನ್ನರಾಶಿ ಹೆಚ್ಚುಕಡಿಮೆ ತಡದ ಹಾಗೆಯೇ ನಡೆದುಕೊಳ್ಳುತ್ತದೆ. ಅವಸರದ ಏರಿಳಿತಗಳಿಗೆ ಸುಳ್ಳು ಹೇಳುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ 'ಬಿಗಿ'ಯನ್ನು ಸೌಮ್ಯವಾಗಿ ಇಟ್ಟರು. ಬಿಗಿ ಎಂದರೆ ತಪ್ಪು ಕಂಡಾಗ ಕಂಪ್ಯೂಟರ್ ಕವಾಟವನ್ನು ಎಷ್ಟು ಜೋರಾಗಿ ತಿರುಗಿಸಬೇಕು ಎಂಬ ಸಂಖ್ಯೆ. ಕಾರ್ಖಾನೆಯವರು ಅದಕ್ಕೆ ಕೊಟ್ಟ ಹೆಸರು ಅದು.

ಆನೆಯ ಗೆರೆಯನ್ನೂ ಆಡಿನ ಗೆರೆಯನ್ನೂ ಪರದೆಯಲ್ಲಿ ಒಂದರ ಮೇಲೊಂದು ಹಾಕಿ ತೋರಿಸಿದ ದಿನ, ಎರಡು ಗೆರೆ ಇವೆ ಎಂದೇ ಯಾರಿಗೂ ಗೊತ್ತಾಗಲಿಲ್ಲವಂತೆ. ಗಂಡ ಎಲ್ಲರ ಎದುರಿಗೇ, "ನೋಡ್ರಪ್ಪಾ, ನಮ್ಮ ಚುಟುಕಮ್ಮ!" ಎಂದರು. ಹೆಸರು ಹುಟ್ಟಿದ್ದು ಆಗ. ಯಂತ್ರ ಚೆನ್ನಾಗಿ ಓಡಿತು. ಹಾಳೆ ಹರಿಯುವುದು ಅಪರೂಪವಾಯಿತು. ಯಂತ್ರದ ಕೆಲಸಗಾರರು ಕಂಡಲ್ಲಿ ನಮಸ್ಕಾರ ಹೇಳುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಗಂಡ ತಟ್ಟೆಯಿಂದ ತಲೆಯೆತ್ತದೆ ಕೇಳಿದರು:

"ಬಿಗೀನ ಈಗಿರೋದಕ್ಕೆ ಎರಡರಷ್ಟು ಮಾಡಿದ್ರೆ ಏನಾಗುತ್ತೆ?"

"ಉಯ್ಯಾಲೆ ಆಡುತ್ತೆ."

"ಸ್ವಲ್ಪ ಹೊತ್ತಿಗಷ್ಟೇ. ತೆಳು ಕಾಗದ ಕೊಳ್ಳೋರು ನೋಡೋಕೆ ಬರ್ತಿದಾರೆ. ಪರದೇಲಿ ಗೆರೆ ದಾರ ಎಳೆದ ಹಾಗಿರ್ಬೇಕು."

"ಅದು ಚುಟುಕು ಮಾಡಿದ ಲೆಕ್ಕ, ರೀ. ಅದಕ್ಕೊಂದು ಎಲ್ಲೆ ಇದೆ. ದಾಟಿದ್ರೆ ನನ್ನ ಭಿನ್ನರಾಶಿ ನಿಮಗೆ ಸುಳ್ಳು ಹೇಳುತ್ತೆ. ತೆಳು ಕಾಗದಕ್ಕೆ ಬೇಕಿದ್ರೆ ಸ್ವಲ್ಪ ದಿನ ಕೊಡಿ, ಬೇರೆ ಮಾಡಿಕೊಡ್ತೀನಿ. ಅಲ್ಲೀತನಕ ಬಿಗಿ ಮುಟ್ಬೇಡಿ."

ಅತ್ತೆ ಹಣ್ಣು ಹೆಚ್ಚುತ್ತಿದ್ದರು. "ಏನೇ ಅದು, ಎಲ್ಲೆ ಗಿಲ್ಲೆ?" ಎಂದರು.

"ಅಲ್ಲಿ ಆದ ತಪ್ಪು ಇಲ್ಲಿ ತಡವಾಗಿ ಗೊತ್ತಾಗುತ್ತೆ ಅತ್ತೆ."

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗೆ."

"ಹಾಕೋದೇನೋ ಹಾಕ್ಲೇಬೇಕು. ಸಿಟ್ಟಲ್ಲಿ ದಬಾರಂತ ಹಾಕಿದ್ರೆ ಬಾಗಿಲೂ ಹೋಗುತ್ತೆ."

ಮೂವರೂ ನಕ್ಕರು. ಗಂಡ ಕೈಮುಗಿದು, "ಆಯ್ತು ತಾಯಿ, ಮುಟ್ಟಲ್ಲ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಕೊಳ್ಳುವವರು ಬಂದ ದಿನ ಚುಟುಕಮ್ಮ ಅಂಗಳದಾಚೆಯ ಪ್ರಯೋಗಾಲಯದಲ್ಲಿದ್ದರು. ನಿಯಂತ್ರಣ ಕೋಣೆಯಲ್ಲಿ ದಿನವೂ ಕೂರುವವನನ್ನು ಏನೋ ಕೆಲಸ ಹೇಳಿ ಗೋದಾಮಿಗೆ ಕಳಿಸಿ, ಗಂಡ ತಾವೇ ಪರದೆಯ ಮುಂದೆ ಕೂತಿದ್ದರು. ಅತಿಥಿಗಳು ಬೆನ್ನ ಹಿಂದೆ ನಿಂತಿದ್ದರು. ಹಾಳೆ ಹರಿಯಿತು. ಜೋಡಿಸಿದರು. ಮತ್ತೆ ಹರಿಯಿತು. ಹರಿದ ಹಾಳೆಯ ಬಾಲವನ್ನು ಉರುಳೆಗಳ ನಡುವೆ ಮತ್ತೆ ಹಾಯಿಸುವ ಕೆಲಸ ಪೈಲ್ವಾನನದು. ಕಡ್ಡಿಯಂಥ ದೇಹದವನಾದ್ದರಿಂದಲೇ ಎಲ್ಲರೂ ಅವನನ್ನು ಪೈಲ್ವಾನ ಎಂದು ಕರೆಯುತ್ತಿದ್ದರು. ಯಂತ್ರದ ಓಟ ಹದಕ್ಕೆ ಬರುವವರೆಗೆ ಕಾಯುವುದು ವಾಡಿಕೆ. ಆದರೆ ಕೋಣೆಯಿಂದ "ಬೇಗ, ಬೇಗ!" ಎಂದು ಕೂಗು ಬರುತ್ತಿತ್ತು. ಅವನು ಕೈ ಚಾಚಿದ. ಹಾಳೆಯೊಂದಿಗೆ ಉರುಳೆ ಅವನ ಬಲಗೈಯನ್ನೂ ಎಳೆದುಕೊಂಡಿತು.

ಯಂತ್ರದ ಮೊರೆತ ಇದ್ದಕ್ಕಿದ್ದಂತೆ ನಿಂತದ್ದನ್ನು ಕೇಳಿ ಚುಟುಕಮ್ಮ ಓಡಿಬಂದರು. ಪೈಲ್ವಾನನನ್ನು ಆಗಲೇ ಹೊತ್ತುಕೊಂಡು ಹೋಗಿದ್ದರು. ಕೋಣೆಗೆ ಹೋಗಿ ಪರದೆ ನೋಡಿದರು. ಗೆರೆ ಹಾವಿನಂತೆ ಹೊರಳಾಡಿತ್ತು. ಬಿಗಿಯ ಜಾಗದಲ್ಲಿ ಮಾತ್ರ ಅವರು ಇಟ್ಟಿದ್ದ ಸಂಖ್ಯೆಯೇ ಇತ್ತು. ಆ ಸಂಖ್ಯೆಯಿಂದ ಆ ಗೆರೆ ಹುಟ್ಟುವುದು ಸಾಧ್ಯವೇ ಇರಲಿಲ್ಲ. ಯಾರೋ ಏರಿಸಿ, ಆಮೇಲೆ ಇಳಿಸಿದ್ದಾರೆ. ಆ ಹಳೆಯ ಕಂಪ್ಯೂಟರ್ ಕಾಗದದ ತೂಕವನ್ನು, ಅಂದರೆ ಅದರ ದಪ್ಪ ತೆಳುವನ್ನು, ನೆನಪಿಡುತ್ತಿತ್ತೇ ಹೊರತು, ಬಿಗಿಯನ್ನು ಯಾರು ಯಾವಾಗ ಮುಟ್ಟಿದರು ಎಂಬುದನ್ನಲ್ಲ.

ಗಂಡ ನೀರು ಕುಡಿಯುತ್ತಿದ್ದರು. ಅತಿಥಿಗಳ ಕಡೆ ತಿರುಗಿ, "ಮಾದರಿ ಕೈಕೊಟ್ಟಿತು" ಎಂದರು.

ಹೊರಗಿನವರ ಮುಂದೆ ಕಾರ್ಖಾನೆಯ ಮಾನ ಉಳಿಸಲು ಹಾಗೆ ಹೇಳಿದ್ದಾರೆ, ಮನೆಗೆ ಹೋದ ಮೇಲೆ ಮಾತಾಡೋಣ ಎಂದುಕೊಂಡರು ಚುಟುಕಮ್ಮ. ಮನೆಯಲ್ಲಿ ಗಂಡ ತಲೆನೋವೆಂದು ಮಲಗಿಬಿಟ್ಟರು.

ಮಾರನೆಯ ದಿನ ಮಧ್ಯಾಹ್ನ ಚುಟುಕಮ್ಮ ಆಸ್ಪತ್ರೆಗೆ ಹೋದರು. ಕಿಟಕಿ ಪಕ್ಕದ ಮಂಚ. ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಮೂರು ಬೆರಳು ಹೋಗಿದ್ದವು. ಪೈಲ್ವಾನನ ಹೆಂಡತಿ ಇವರನ್ನು ನೋಡಿ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತಳು. ಅವನೇ ಎದ್ದು ಕೂರಲು ನೋಡಿ, "ಬನ್ನಿ ಅಮ್ಮಾ" ಎಂದ.

"ನೀವು ಹೆದರ್ಬೇಡಿ" ಎಂದು ದನಿ ತಗ್ಗಿಸಿದ. "ನಾನು ಯಾರಿಗೂ ಹೇಳಲ್ಲ."

"ಏನು ಹೇಳಲ್ಲ?"

"ಸಾಹೇಬ್ರು ಬೆಳಿಗ್ಗೇನೇ ಬಂದಿದ್ರು. ಇಲ್ಲೇ ನನ್ನ ಕಾಲ ಹತ್ರ ಕೂತು ಅತ್ತುಬಿಟ್ರು, ಪಾಪ. 'ನನ್ನ ಹೆಂಡ್ತಿ ಲೆಕ್ಕ ತಪ್ಪಿದ್ಲಪ್ಪಾ, ಕಟ್ಟಿಕೊಂಡವಳನ್ನ ಬಿಟ್ಟುಕೊಡೋಕಾಗುತ್ತಾ' ಅಂದ್ರು. ದೊಡ್ಡ ಮನಸ್ಸು ಅವರದ್ದು."

ಚುಟುಕಮ್ಮ, "ಲೆಕ್ಕ ತಪ್ಪಿಲ್ಲ" ಎಂದರು.

ಗೋಡೆ ನೋಡುತ್ತಿದ್ದವಳು ತಿರುಗಿದಳು. "ಹಾಗಾದ್ರೆ ಇವರ ಬೆರಳೇ ದಾರಿ ತಪ್ಪಿ ಹೋದ್ವೇನಮ್ಮಾ?"

ಚುಟುಕಮ್ಮ ತಂದಿದ್ದ ಹಣ್ಣಿನ ಚೀಲವನ್ನು ಇಡುವುದೋ ಬೇಡವೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮನೆಯವರೆಗೆ ನಡೆದುಬಂದರಂತೆ.

ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಚೀಲವನ್ನು ನೆಲಕ್ಕಿಟ್ಟು ಇವರು ಕೇಳಿದರು:

"ಬಿಗಿ ಏರಿಸಿದ್ದು ನೀವಲ್ವಾ?"

"ಹೂಂ."

ಅಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾರೆಂದು ಇವರು ಎಣಿಸಿರಲಿಲ್ಲ.

"ಮತ್ತೆ ಆಸ್ಪತ್ರೆಗೆ ಹೋಗಿ—"

"ಒಂದ್ನಿಮಿಷ ನಾನು ಹೇಳೋದು ಕೇಳು." ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ನನ್ನ ತಲೆ ಮೇಲೆ ಬಂದ್ರೆ ಅದು ಬೇಜವಾಬ್ದಾರಿ. ಕೇಸಾಗುತ್ತೆ, ಜೈಲೂ ಆಗ್ಬಹುದು. ನಿನ್ನ ತಲೆ ಮೇಲೆ ಬಂದ್ರೆ ಬರೀ ಲೆಕ್ಕದ ತಪ್ಪು. ಲೆಕ್ಕ ತಪ್ಪಿದೋರನ್ನ ಯಾರೂ ಜೈಲಿಗೆ ಹಾಕಲ್ಲ. ಮನೆ ಉಳಿಯುತ್ತೆ."

"ನನ್ನ ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ" ಎಂದು ಅವರು ಕಾಲರಿನ ಕಡೆ ತಿರುಗಿದರು.

ಚುಟುಕಮ್ಮ ಅತ್ತೆಯ ಕೋಣೆಗೆ ಹೋದರು. ಅವರ ಪಾಲಿಗೆ ಉಳಿದಿದ್ದ ಸಾಕ್ಷಿ ಅತ್ತೆಯೊಬ್ಬರೇ. ಆಕೆ ಮಂಚದ ಅಂಚಿನಲ್ಲಿ ಕೂತು ಹಾಸಿಗೆಯ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದರು.

"ಅತ್ತೆ, ಭಾನುವಾರ ನಾನು ಮುಟ್ಬೇಡಿ ಅಂತ ಹೇಳಿದ್ದು ನಿಮಗೆ ಕೇಳಿಸ್ತಲ್ವಾ?"

ಅತ್ತೆ ಹಾಸಿಗೆಯ ಇನ್ನೊಂದು ಸುಕ್ಕಿಗೆ ಕೈಹಾಕಿದರು.

"ಕೋಟೆ ಬಾಗಿಲಿನ ಮಾತಾಡಿದ್ದು ನೀವೇ."

ಆಕೆ ಬಲಗಿವಿಯಿಂದ ಯಂತ್ರ ತೆಗೆದು ದಿಂಬಿನ ಮೇಲಿಟ್ಟರು. "ಆವತ್ತು ನಾನಿದನ್ನ ಹಾಕ್ಕೊಂಡಿರ್ಲಿಲ್ಲ ಕಣೆ" ಎಂದರು. ಆಮೇಲೆ ಮೆಲ್ಲಗೆ, "ನಾನು ಹೆತ್ತಿರೋದು ಒಬ್ಬನ್ನೇ."

ಚುಟುಕಮ್ಮ ಅಲ್ಲೇ ನಿಂತು ಏನೇನೋ ಹೇಳಿದರು. ಅಷ್ಟು ಉದ್ದ ಅವರು ಹಿಂದೆಂದೂ ಮಾತಾಡಿರಲಿಲ್ಲ. ಎದುರಿಗೆ ಕೂತವರ ಕಿವಿಗೆ ಅದು ಯಾವುದೂ ಬೀಳಲಿಲ್ಲ, ಬೀಳಬಾರದೆಂದೇ ತೆಗೆದಿಟ್ಟಿದ್ದು.

ವಿಚಾರಣೆ ಕಾರ್ಖಾನೆಯ ಸಭೆಯ ಕೋಣೆಯಲ್ಲಿ ನಡೆಯಿತು. ಹೊರಗಿನಿಂದ ಬಂದ ತನಿಖಾಧಿಕಾರಿ ಮೇಜಿನ ತುದಿಗೆ, ಜನರಲ್ ಮ್ಯಾನೇಜರು ಪಕ್ಕಕ್ಕೆ. ಗಂಡ ಬಹಳ ಚೆನ್ನಾಗಿ ಮಾತಾಡಿದರು. ಮೊದಲು ಹೆಂಡತಿಯನ್ನು ಹೊಗಳಿದರು. ಆಕೆಯಷ್ಟು ಪ್ರಾಮಾಣಿಕರನ್ನು ತಾವು ಕಂಡಿಲ್ಲ ಎಂದರು. ಎಷ್ಟೇ ಆದರೂ ಮನುಷ್ಯರು ಎಡವುತ್ತಾರೆ, ಅಷ್ಟು ದೊಡ್ಡ ಮಾದರಿಯನ್ನು ಅಷ್ಟು ಚಿಕ್ಕದು ಮಾಡಲು ಹೋದಾಗ ಏನೋ ಬಿಟ್ಟುಹೋಗಿರಬಹುದು ಎಂದರು.

ಅಧಿಕಾರಿ ಕೆಟ್ಟವರೇನಲ್ಲ. ಇವರ ಕಡೆ ತಿರುಗಿ, "ಬಿಗಿಯನ್ನ ಇಷ್ಟಕ್ಕಿಂತ ಏರಿಸ್ಬಾರ್ದು ಅಂತ ನೀವು ಬರೆದು ಕೊಟ್ಟಿದ್ರಾ?" ಎಂದು ಕೇಳಿದರು.

"ಗಂಡನಿಗೆ ಯಾರು ಸಾರ್ ಬರೆದು ಕೊಡ್ತಾರೆ? ಊಟಕ್ಕೆ ಕೂತಾಗ ಹೇಳಿದೆ."

ಯಾರೋ ಕಿಸಕ್ಕೆಂದರು. ಅಧಿಕಾರಿ ಗಂಡನನ್ನು ನೋಡಿದರು. "ಅಂಥ ಮಾತು ನನಗೆ ನೆನಪಿಲ್ಲ" ಎಂದರು ಗಂಡ, ಹೆಂಡತಿಯ ಕಡೆ ನೋಡದೆ.

ಚುಟುಕಮ್ಮ ಕಾಗದದ ತೂಕದ ಗೆರೆಯನ್ನು ಮೇಜಿನ ಮೇಲೆ ಹರಡಿದರು. ಉಯ್ಯಾಲೆಯ ಒಂದೊಂದು ಏರಿನ ನಡುವೆ ಎಷ್ಟು ಅಂತರವಿದೆ ನೋಡಿ, ನಾನಿಟ್ಟ ಬಿಗಿಯಲ್ಲಿ ಇಂಥದ್ದು ಹುಟ್ಟುವುದೇ ಇಲ್ಲ, ಎರಡರಷ್ಟಾದರೆ ಮಾತ್ರ ಹುಟ್ಟುತ್ತದೆ ಎಂದು ವಿವರಿಸಿದರು.

"ಹಾಗಂತ ಯಾವುದರಿಂದ ಗೊತ್ತಾಗುತ್ತೆ?"

"ನನ್ನ ಮಾದರಿಯಿಂದ."

"ಅದೇ ತಪ್ಪೋ ಸರಿಯೋ ಅಂತ ಅಲ್ವಾ ನಾವಿಲ್ಲಿ ಕೂತಿರೋದು?" ಎಂದರು ಅಧಿಕಾರಿ, ಬೇಸರದಿಂದಲೇ.

"ಹಾಗಾದ್ರೆ ಯಂತ್ರ ಓಡಿಸಿ ನೋಡಿ. ಒಂದ್ಸಲ ನಾನಿಟ್ಟ ಬಿಗಿ, ಒಂದ್ಸಲ ಎರಡರಷ್ಟು."

"ಇನ್ನೂ ಯಾರ ಬೆರಳು ಬೇಕಮ್ಮಾ ನಿಮಗೆ?" ಎಂದರು ಜನರಲ್ ಮ್ಯಾನೇಜರು. ಚುಟುಕಮ್ಮ ಗೆರೆಯ ಹಾಳೆಯನ್ನು ಮಡಚಿಕೊಂಡು ಕೂತುಬಿಟ್ಟರು.

ಮಾದರಿಯನ್ನು ತೆಗೆದುಹಾಕಿದರು. ಇವರನ್ನು ರದ್ದಿ ಕಾಗದ ತೂಗುವ ವಿಭಾಗಕ್ಕೆ ಹಾಕಿದರು. ಎದುರಿಗೆ ಬಂದ ಕೆಲಸಗಾರರು ದಾರಿ ಬದಲಿಸತೊಡಗಿದರು. ಗೋಡೆಯ ಮೇಲೆ ಯಾರೋ ಮೂರು ಬೆರಳಿನ ಚಿತ್ರ ಬರೆದು ಕೆಳಗೆ 'ಚುಟುಕು' ಎಂದು ಗೀಚಿದ್ದರು. ಗಂಡ ಮನೆಯಲ್ಲಿ ಏನೂ ಆಗದವರಂತೆ ಇದ್ದರು. ಮೊದಲಿಗಿಂತ ಹೆಚ್ಚು ಉಪಚಾರ, ಬೆಳಿಗ್ಗೆ ಚಹಾ ಅವರೇ ಮಾಡಿ ತಂದು ಕೊಡುವುದು. ಅದೇ ತಡೆಯಲಾಗಲಿಲ್ಲ ಎಂದರು ಚುಟುಕಮ್ಮ. ಬೈದಿದ್ದರೆ ಇನ್ನೂ ಸ್ವಲ್ಪ ದಿನ ಅಲ್ಲೇ ಇರುತ್ತಿದ್ದರಂತೆ.

ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆ ಕಟ್ಟಿದರು. ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು. "ಎಲ್ಲಿಗೆ ಹೊರಟೆ? ಏನಾದ್ರೂ ಹೇಳೇ."

"ಹೇಳ್ತೀನಿ. ಈಗ ಕಿವಿಗೆ ಹಾಕ್ಕೊಂಡಿದೀರಾ ಅತ್ತೆ?"

ಅತ್ತೆ ಪಕ್ಕಕ್ಕೆ ಸರಿದರು.

ನಮ್ಮ ಕಚೇರಿಗೆ ಬಂದದ್ದು ಆಮೇಲೆ. ನಮ್ಮಲ್ಲೂ ಸಮಸ್ಯೆ ಅಂಥದ್ದೇ. ನೀರಿಗೆ ಕ್ಲೋರಿನ್ ಬೆರೆಸುವುದು ಶುದ್ಧೀಕರಣದ ಮನೆಯಲ್ಲಿ. ಅದು ಸಾಕೋ ಹೆಚ್ಚೋ ಎಂದು ಅಳೆಯುವುದು ಊರಂಚಿನ ದೊಡ್ಡ ತೊಟ್ಟಿಯಲ್ಲಿ. ನಡುವೆ ಉದ್ದನೆಯ ಕೊಳವೆ. ಜನ ನೀರು ಹೆಚ್ಚು ಬಳಸುವ ಹೊತ್ತಿನಲ್ಲಿ ಬೆರೆಸಿದ್ದು ಬೇಗ ತಲುಪುತ್ತದೆ, ಬಳಸದ ಹೊತ್ತಿನಲ್ಲಿ ತೆವಳುತ್ತದೆ. ಇಲ್ಲಿ ತಡ ಕೂಡ ಒಂದೇ ಸಮ ಇರುವುದಿಲ್ಲ. ಚುಟುಕಮ್ಮ ಅದಕ್ಕೂ ಒಂದು ಸಣ್ಣ ಮಾದರಿ ಮಾಡಲು ಕೂತರು. ಕೆಲಸದಲ್ಲಿ ಕೈ ಮೊದಲಿನಷ್ಟೇ ಚುರುಕು. ಆದರೆ ಬಾಯಿಮಾತಿನ ಮೇಲೆ ಅವರಿಗೆ ನಂಬಿಕೆಯೇ ಹೋಗಿತ್ತು. ಏನು ಹೇಳಬೇಕಾದರೂ ಬರೆದು, ನಮ್ಮ ಸಹಿ ಹಾಕಿಸಿಕೊಂಡು, ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ "ಕಿಟಕಿ ಮುಚ್ಚಿ, ಗಾಳಿ ಬರುತ್ತಿದೆ" ಎಂದು ಪಕ್ಕದಲ್ಲೇ ಕೂತಿದ್ದ ನನಗೆ ಚೀಟಿ ಕೊಟ್ಟರು. ನಾನು ನಕ್ಕು ಸಹಿ ಹಾಕಿ ವಾಪಸು ಕೊಟ್ಟೆ. ಅವರು ನಗಲಿಲ್ಲ. ಚೀಟಿಯನ್ನು ಡ್ರಾಯರಿನಲ್ಲಿಟ್ಟುಕೊಂಡರು.

ಎರಡನೆಯ ವರ್ಷ ಪೈಲ್ವಾನ ನಮ್ಮ ಕಚೇರಿಗೆ ಬಂದ. ಮನೆ ಬದಲಿಸಿದ್ದನಂತೆ, ನಲ್ಲಿ ಸಂಪರ್ಕಕ್ಕೆ ಬಂದಿದ್ದ. ಚುಟುಕಮ್ಮನನ್ನು ಕಂಡವನೇ ಕಿಟಕಿಯ ಸಾಲು ಬಿಟ್ಟು ಒಳಗೆ ಬಂದು ನಿಂತ. ಎಡಗೈಯಿಂದ ಬಲಗೈ ಮುಚ್ಚಿಕೊಂಡಿದ್ದ.

"ಅಮ್ಮಾ, ನಿಮ್ಮ ಮಾದರೀನೇ ಮತ್ತೆ ಹಾಕಿದಾರೆ."

ಚುಟುಕಮ್ಮ ಕುರ್ಚಿ ತೋರಿಸಿದರು. ಅವನು ಕೂತು ಹೇಳಿದ. ಯಂತ್ರ ಮಾರಿದ ಕಂಪನಿಯ ಇಂಜಿನಿಯರುಗಳು ಬಂದು ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದರಂತೆ. ಕೆಲಸಗಾರರನ್ನು ದೂರ ನಿಲ್ಲಿಸಿ, ಬಿಗಿಯನ್ನು ಚುಟುಕಮ್ಮ ಇಟ್ಟಷ್ಟೇ ಇಟ್ಟು ಓಡಿಸಿದರು, ಹಾಳೆ ಹರಿಯಲಿಲ್ಲ. ಎರಡರಷ್ಟು ಮಾಡಿದರು; ಆವತ್ತಿನಂತೆಯೇ ಹೊರಳಾಡಿ ಹರಿಯಿತು.

"ಹಾಗಾದ್ರೆ ಎಲ್ಲರಿಗೂ ಗೊತ್ತಾಯ್ತಲ್ಲ!" ಎಂದೆ ನಾನು.

"ಗೊತ್ತಾಯ್ತು. ಗೊತ್ತಾಗಿ ಏನು ಬಂತು ಸಾರ್? ಯಾರೂ ಬಾಯಿ ಬಿಡಲ್ಲ. ಸಾಹೇಬ್ರು ಈಗ ಜನರಲ್ ಮ್ಯಾನೇಜರು." ಅವನು ಚುಟುಕಮ್ಮನ ಕಡೆ ತಿರುಗಿದ. "ಆವತ್ತು ಆಸ್ಪತ್ರೇಲಿ ನನ್ನ ಹೆಂಡ್ತಿ ನಿಮಗೆ..."

"ಅವರು ಕೇಳಿದ್ದು ಸರಿಯಾಗೇ ಇತ್ತು" ಎಂದರು ಚುಟುಕಮ್ಮ. ಮರುಕ್ಷಣವೇ, "ಬಿಗಿಗೆ ಬೀಗ ಹಾಕಿದಾರಾ? ಯಾರೂ ಏರಿಸೋಕಾಗ್ದ ಹಾಗೆ?" ಎಂದು ಕೇಳಿದರು.

ಅವನಿಗೆ ಗೊತ್ತಿರಲಿಲ್ಲ. ಚುಟುಕಮ್ಮ ನನ್ನ ಮೇಜಿನ ಫೋನ್ ಎಳೆದುಕೊಂಡು ನಂಬರ್ ಒತ್ತಿದರು. ಮನೆ ಬಿಟ್ಟ ಮೇಲೆ ಗಂಡನೊಡನೆ ಅದೇ ಮೊದಲ ಮಾತು. ಇವರ ಕಡೆಯದು ನನಗೆ ಕೇಳಿಸಿತು. ಆ ಕಡೆಯದನ್ನು ಆಮೇಲೆ ಹೇಳಿದರು.

"ನಾನು. ಬಿಗಿಗೆ ಬೀಗ ಹಾಕಿದೀರಾ?"

"ಹಾಕಿಸಿದೀನಿ. ನೀನು ಹೇಳಿದ್ದ ಎಲ್ಲೆಗೇ."

"ನಾನು ಯಾವಾಗ ಹೇಳಿದ್ದೆ?"

"ಆವತ್ತು. ಊಟಕ್ಕೆ ಕೂತಾಗ."

"ಇದನ್ನ ತನಿಖಾಧಿಕಾರಿಗೆ ಹೇಳಿ."

"ಈಗ್ಯಾಕೆ ಅದೆಲ್ಲ? ಮುಗಿದುಹೋದದ್ದು. ಮನೆಗೆ ಬಾ. ಅಮ್ಮ ದಿನಾ ನಿನ್ನ ನೆನೆಸ್ಕೊಳ್ತಾಳೆ."

ಚುಟುಕಮ್ಮ ಫೋನ್ ಇಟ್ಟರು. ಪೈಲ್ವಾನ ಎದ್ದು ನಿಂತ. "ನಡೀರಿ ಅಮ್ಮಾ, ನಾನು ಬರ್ತೀನಿ. ಆವತ್ತು ಕೋಣೆಯಿಂದ ಬೇಗ ಬೇಗ ಅಂತ ಕೂಗಿದ್ದು ಯಾರ ಗಂಟ್ಲು ಅಂತ ನಾನು ಹೇಳ್ತೀನಿ. ಬಿಗಿ ಗಿಗಿ ನನಗೆ ಗೊತ್ತಿಲ್ಲ. ಆ ಗಂಟ್ಲು ಗೊತ್ತು."

ಇಬ್ಬರೂ ಹೋದರು. ಹಳೆಯ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಮರ್ಯಾದೆಯಿಂದಲೇ ಕೂರಿಸಿ, ಹೇಳಿದ್ದನ್ನೆಲ್ಲ ಬರೆಸಿಕೊಂಡು ಕಳಿಸಿದರು. ಕೆಲವು ತಿಂಗಳ ಮೇಲೆ, ಪ್ರಕರಣ ಮುಕ್ತಾಯವಾಗಿರುವುದರಿಂದ ಮತ್ತೆ ತೆರೆಯಲು ಅವಕಾಶವಿಲ್ಲ ಎಂಬ ಉತ್ತರ ಬಂತು. ಪೈಲ್ವಾನ ಬಂದು ನಮ್ಮ ಕಚೇರಿಯಲ್ಲೇ ನಿಂತು ಆ ಅಧಿಕಾರಿಯ ಏಳು ತಲೆಮಾರನ್ನು ಜಾಲಾಡಿದ. ಚುಟುಕಮ್ಮ ಸುಮ್ಮನೆ ಅವನಿಗೆ ಚಹಾ ತರಿಸಿದರು. ಆಮೇಲೆ ವಕೀಲರ ಮೂಲಕ ಮದುವೆ ಕಡಿದುಕೊಂಡರು. ಗಂಡ ವಿರೋಧಿಸಲಿಲ್ಲ. ಅತ್ತೆ ಮಗನ ಜೊತೆಯಲ್ಲೇ ಇದ್ದಾರೆ. ಇವರು ಹೋಗಿ ನೋಡಿಲ್ಲ.

ಮೊನ್ನೆ ಶುದ್ಧೀಕರಣದ ಮನೆಗೆ ನಡೆದು ಹೋಗುವಾಗ ನಾನು ಕೇಳಿಯೇಬಿಟ್ಟೆ. ಅಷ್ಟು ವರ್ಷ ಸಂಸಾರ ಮಾಡಿದವರು, ಹೆದರಿಕೆಯಲ್ಲಿ ಒಂದು ಸುಳ್ಳು ಹೇಳಿದರು; ಅದನ್ನು ಎಂದಾದರೂ ಮರೆಯುವುದಕ್ಕಾಗುತ್ತದೆಯೇ ಎಂದೆ.

"ಸುಳ್ಳು ಹೇಳಿದ್ದು ದೊಡ್ಡದಲ್ಲ" ಎಂದರು ಚುಟುಕಮ್ಮ. "ಹೆದರಿದೋರೆಲ್ಲ ಹೇಳ್ತಾರೆ. ನನ್ನ ಲೆಕ್ಕ ಸರಿ ಅಂತ ಇಡೀ ಕಾರ್ಖಾನೇಲಿ ಸರಿಯಾಗಿ ಗೊತ್ತಿದ್ದದ್ದು ಅವರೊಬ್ಬರಿಗೇ. ಬೇರೆಯೋರೆಲ್ಲ ಬರೀ ಚಪ್ಪಾಳೆ ತಟ್ಟಿದ್ರು. ಅವರು ಪ್ರತಿಯೊಂದು ಸಾಲೂ ನನ್ನ ಪಕ್ಕ ಕೂತು ಓದಿ, ಅರ್ಥ ಮಾಡ್ಕೊಂಡು, ಸಂತೋಷಪಟ್ಟಿದ್ರು. ಅದನ್ನೇ ತಪ್ಪು ಅಂದ್ರು ನೋಡಿ."

ಗೇಟಿನಲ್ಲಿ ನಿಂತಿದ್ದ ಪಂಪಿನವನು, ತೊಟ್ಟಿಯ ಅಳತೆ ಬಂದಿದೆ ಎಂದು ಕೂಗಿದ. ಚುಟುಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಗ ಬೇಗ ಒಳಗೆ ಹೋದರು.